ಪಟ್ಟೇವಾಲನ ಸುಳ್ಳು

1932ನೆಯ ಇಸವಿ ಇರಬೇಕು. ಕನ್ನಡ ನಾಲ್ಕನೆಯ ತರಗತಿ ಮುಗಿಸಿ ಇಂಗ್ಲಿಷ್ ಶಾಲೆ ಸೇರಿದ್ದ ನಾನು ಎರಡು ಸಲ ಡುಮ್ಕಿ ಹೊಡೆದು ಇನ್ನೂ ಅಲ್ಲಿಯ ಎರಡನೆಯ ಇಯತ್ತೆಯಲ್ಲೇ ಇದ್ದೆ. ತಂಗಿ ನೀಲವ್ವ ಒಂದು ಸಲವೂ ಎಡವದೆ ಕನ್ನಡ ಆರನೆಯ ಇಯತ್ತೆಗೆ ಬಂದಿದ್ದಳು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಪ್ಪನ ಬಟ್ಟೆ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಹೆಣ್ಣುಮಕ್ಕಳಿಗೆ ಓದು ಯಾಕೆ ಎನ್ನುವವರೇ ತುಂಬಿದ್ದ ನಮ್ಮ ಓಣಿಯಲ್ಲಿ ಅಪ್ಪ ಮಾತ್ರ ಬೇರೆ ತರದವರು. ಎಷ್ಟು ಗಜಕ್ಕೆ ಎಷ್ಟಾಯಿತು ಎಂದು ನೀಲಾ ಬಾಯಿಲೆಕ್ಕ ಮಾಡಿ ಹೇಳಿದರೆ ಅವರ ಮುಖ ಅರಳುತ್ತಿತ್ತು. "ಇಕಿ ಮುಲ್ಕಿ ಪಾಸಾಗ್ಲಿ, ಧಾರವಾಡಕ್ಕ ಕಳಸ್ತೇನಿ. ಅಕ್ಕೋರಾಗಿ ಬರ್ತಾಳ ನೋಡ್ರಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿದರೆ ಆಗ ಶಿಕ್ಷಕಿಯರ ತರಬೇತಿಗೆ ಹೋಗಬಹುದಿತ್ತು. ಅಪ್ಪನ ಷರತ್ತು ಒಂದೇ. ಹೋಗುವಾಗ ಬರುವಾಗ ಅಣ್ಣ ಜೊತೆಗಿರಬೇಕು.

ಆ ಅಣ್ಣನಿಗೆ ಅದೇ ದೊಡ್ಡ ಅವಮಾನ. ಸಂಜೆ ಹೆಣ್ಣುಮಕ್ಕಳ ಶಾಲೆಯ ಬಾಗಿಲಲ್ಲಿ ನಾನು ಕಾಯುತ್ತ ನಿಂತರೆ ಗೆಳೆಯರು "ಏನೋ ಪಟ್ಟೇವಾಲಾ, ಘಂಟಿ ಹೊಡದೇನು?" ಎಂದು ಕಾಡುತ್ತಿದ್ದರು. ಕಚೇರಿಯ ಜವಾನನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಬಡ್ಡಿಯಂಥ ಹುತುತು ಆಟಕ್ಕೆ ನಾನು ಹೋಗುವ ಹೊತ್ತಿಗೆ ತಂಡ ಕಟ್ಟಿ ಮುಗಿದಿರುತ್ತಿತ್ತು.

ಒಂದು ಸಂಜೆ ನಾನು ಮೊದಲು ಆಟಕ್ಕೇ ಹೋದೆ. ಆಟದ ಗುಂಗಿನಲ್ಲಿ ತಂಗಿ ಮರೆತೇ ಹೋದಳು. ಓಡಿ ಹೋಗಿ ನೋಡಿದರೆ ಶಾಲೆಗೆ ಬೀಗ ಬಿದ್ದಿದೆ, ನೀಲಾ ಕಟ್ಟೆಯ ಮೇಲೆ ಬರೆಯುವ ಪಾಟಿ ತಬ್ಬಿಕೊಂಡು ಕುಳಿತಿದ್ದಾಳೆ. ಮನೆಗೆ ಬಂದಾಗ ದೀಪ ಹಚ್ಚಿದ್ದರು. ಅಪ್ಪ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಅರಿವೆ ಅಳೆಯುವ ಗಜಕೋಲು ಕೈಯಲ್ಲಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರಿ?"

ಆ ಕೋಲಿನ ರುಚಿ ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ದಾರಿಯಾಗ ಹುಡುಗ್ರು ಗುಂಪು ಕಟ್ಕೊಂಡು ನಿಂತಿದ್ರಪ್ಪಾ. ನೀಲಾಗ ಏನೇನೋ ಅಂದ್ರು. ಅದಕ್ಕ ಸುತ್ತು ಹಾಕಿ ಕರಕೊಂಡು ಬಂದೆ."

ಅಪ್ಪ ಅವಳ ಕಡೆ ತಿರುಗಿದರು. "ಖರೇ ಏನವಾ ನೀಲಾ?"

ನೀಲಾ ನನ್ನನ್ನು ನೋಡಿದಳು. ಆಮೇಲೆ ಗಜಕೋಲನ್ನು ನೋಡಿದಳು. "ಹೌದಪ್ಪಾ" ಎಂದಳು.

ಏಟು ತಪ್ಪಿತು. ಆ ರಾತ್ರಿ ನಾನು ಹೊಟ್ಟೆ ತುಂಬ ಉಂಡೆ ಎಂದು ನೆನಪಿದೆ. ಬೆಳಿಗ್ಗೆ ಅವಳು ಜಡೆ ಹಾಕಿಸಿಕೊಂಡು ಹೊರಟು ನಿಂತಾಗ ಅಪ್ಪ, "ಇನ್ನ ಸಾಲಿ ಬ್ಯಾಡವಾ. ಮನ್ಯಾಗ ಅವ್ವಗ ಕೈಗೂಡ್ಸು" ಎಂದರು.

ಒಂದು ವಾರದ ಮೇಲೆ ಅವಳ ಶಾಲೆಯ ಅಕ್ಕೋರು ಅಂಗಡಿಗೇ ಬಂದರು. "ಸಾವಕಾರ್ರ, ಇಂಥ ಹುಡುಗೀನ ಬಿಡಸಬ್ಯಾಡ್ರಿ. ನಾಳೆ ತನ್ನ ಕಾಲಮ್ಯಾಲ ತಾ ನಿಂದರ್ತಾಳ" ಎಂದು ಬೇಡಿಕೊಂಡರು.

"ಸಾಲಿ ಬ್ಯಾಡ ಅನ್ನಾಂವ ನಾ ಅಲ್ರಿ ಅಕ್ಕೋರ. ದಾರಿ ಛಲೋ ಇಲ್ಲ. ನಮ್ಮ ಈರಣ್ಣ ಕಣ್ಣಾರೆ ನೋಡ್ಯಾನ."

ಅಕ್ಕೋರು ನನ್ನ ಹತ್ತಿರ ಬಂದರು. "ಯಾವ ಹುಡುಗ್ರಪಾ? ಹೇಳು, ಅವರ ಮನೀಗೆ ನಾನ ಹೋಗಿ ಬರ್ತೇನಿ."

ನಿಜ ಹೇಳಲು ದೇವರೇ ಒದಗಿಸಿಕೊಟ್ಟ ಗಳಿಗೆ ಅದು. ಒಳಬಾಗಿಲ ಹಿಂದೆ ನೀಲಾಳ ಲಂಗದ ಅಂಚು ಕಾಣುತ್ತಿತ್ತು. ನಾನು "ಗುರ್ತ ಇಲ್ರಿ" ಎಂದೆ.

ಹದಿನಾಲ್ಕಕ್ಕೆ ಅವಳನ್ನು ಬೈರಿದೇವರಕೊಪ್ಪದ ಒಂದು ಮನೆಗೆ ಕೊಟ್ಟರು. ಹತ್ತು ವರ್ಷದಲ್ಲಿ ಗಂಡ ತೀರಿಕೊಂಡು, ಐದು ವರ್ಷದ ಮಗಳು ಶಾಂತಾಳನ್ನು ಕರೆದುಕೊಂಡು ನೀಲಾ ನಮ್ಮ ಮನೆಗೇ ಬಂದಳು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಅಂಗಡಿ ನನ್ನದಾಗಿತ್ತು. ಉಳಿದ ತುಂಡು ಬಟ್ಟೆಗಳಿಂದ ಅವಳು ಕೌದಿ ಹೊಲಿಯುತ್ತ ಕೂಡುತ್ತಿದ್ದಳು. ಮಗಳ ಜಡೆಗೆ ಒಂದು ರಿಬ್ಬನ್ ಬೇಕಾದರೂ ನನ್ನ ಹೆಂಡತಿಯ ಮುಖ ನೋಡಬೇಕಿತ್ತು.

ಮರುವರ್ಷ ಶಾಂತಾಳ ಹೆಸರು ಹಚ್ಚಲು ಇಬ್ಬರೂ ಅದೇ ಶಾಲೆಗೆ ಹೋದೆವು. ಕುರ್ಚಿಯಲ್ಲಿದ್ದ ಅಕ್ಕೋರು ನೀಲಾಳನ್ನು ನೋಡಿ ತಟ್ಟನೆ ಎದ್ದು ನಿಂತರು. ಗಾರೆ ಕೆಲಸದ ಗೌಂಡಿಯ ಮಗಳು ಸುಂದ್ರವ್ವ! ನೀಲಾಳ ಪಕ್ಕದಲ್ಲಿ ಕೂಡುತ್ತಿದ್ದವಳು. ಈಗ ಅವಳ ಪಗಾರದಲ್ಲಿ ಇಬ್ಬರು ತಮ್ಮಂದಿರು ಓದಿ ದೊಡ್ಡವರಾಗಿದ್ದರು. ಒಬ್ಬ ರೇಲ್ವೆಯಲ್ಲಿ ಕಾರಕೂನ. ತನ್ನ ಅಪ್ಪನನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂಡಿಸಿದ್ದಳು. ಓಣಿಯ ಹೆಣ್ಣುಮಕ್ಕಳನ್ನು ತಾನೇ ಮನೆಮನೆಗೆ ಹೋಗಿ ಶಾಲೆಗೆ ಎಳೆದು ತರುತ್ತಿದ್ದಳು.

"ಲೆಕ್ಕದಾಗ ನಾ ಪಾಸಾಗ್ತಿದ್ದದ್ದ ನಿಮ್ಮ ತಂಗಿ ಪಾಟಿ ನೋಡಿ ಬರದು ರೀ ಅಣ್ಣಾರ" ಎಂದು ಆಕೆ ನಕ್ಕಳು. "ಸಾಲಿ ಬಿಡದಿದ್ರ ಇಕೀನ ನಮಗ ದೊಡ್ಡ ಅಕ್ಕೋರಾಗಿರ್ತಿದ್ಲು." ನೀಲಾಳೂ ನಕ್ಕಳು. ನನಗೆ ನಗು ಬರಲಿಲ್ಲ.

ವಾಪಸು ಬರುವಾಗ ದಾರಿಯಲ್ಲೇ ನಿಂತೆ. "ನೀಲಾ, ಅವತ್ತು ನಾ ಹೇಳಿದ್ದು ಸುಳ್ಳು" ಎಂದೆ.

"ನನಗ ಗೊತ್ತಿಲ್ಲೇನಣ್ಣಾ? ನಾ ನಿನ್ನ ಜೋಡೀನ ಇದ್ನೆಲ್ಲ."

"ಹಂಗಾರ ಹೌದು ಅಂತ ಯಾಕಂದಿ?"

"ಅಪ್ಪನ ಕೈಯಾಗ ಗಜಕೋಲಿತ್ತು. ನಿನಗ ಹೊಡೀತಾನ ಅಂತ ಅಂಜಿಕಿ ಬಂತು. ನಾಕ್ ದಿನ ಹೋದಮ್ಯಾಲ ಅಪ್ಪನ ಸಿಟ್ಟು ಇಳೀತೈತಿ, ಆವಾಗ ನೀನ ಖರೇ ಹೇಳ್ತಿ ಅಂತ ಮಾಡಿದ್ದೆ." ಇಷ್ಟು ಹೇಳಿ ಮಗಳ ಕೈ ಹಿಡಿದು ಮುಂದೆ ನಡೆದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನದಿಂದ ಶಾಂತಾಳನ್ನು ಶಾಲೆಗೆ ಬಿಟ್ಟು ಬರುವುದು, ಸಂಜೆ ಬಾಗಿಲಲ್ಲಿ ಕಾಯುವುದು ನನ್ನ ಕೆಲಸವಾಯಿತು. ಅಂಗಡಿಯಲ್ಲಿ ಗಿರಾಕಿ ಇದ್ದರೂ ಎದ್ದು ಹೋಗುತ್ತಿದ್ದೆ. ಅವಳ ಮುಲ್ಕಿ ಮುಗಿಯುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಸೋದರಮಾವ ಅಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳುತ್ತಿದ್ದರು. ಕೇಳಿ ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಂಡರು.

ನೀಲಾ ಈಗಲೂ ನನ್ನ ಜೊತೆಗೇ ಇದ್ದಾಳೆ. ಒಂದು ಮಾತು ಮಾತ್ರ ಕೇಳಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಆ ನಾಲ್ಕು ದಿನ ಕಳೆದ ಮೇಲೆ, ನಾನು ಹೇಳುತ್ತೇನೆಂದು ಅವಳು ಇನ್ನೂ ಎಷ್ಟು ದಿನ ಕಾದಿದ್ದಳು?