ಅಪ್ಪನ ಗಲ್ಲಕ್ಕೆ ಪಟಿಕ

ಪಾರ್ಶ್ವವಾಯು ಬಡಿದು ಅಪ್ಪನ ಬಲಗೈ ಬಿದ್ದುಹೋದ ಮೇಲೆ ಅವನ ಗಡ್ಡ ಹೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ಅವನು ಹಿಂದೂಪುರದಲ್ಲಿ ನಮ್ಮ ಮನೆಯಲ್ಲೇ ಇದ್ದ. ಕ್ಷೌರದಂಗಡಿಗೆ ಕರೆದುಕೊಂಡು ಹೋಗುತ್ತೇನೆಂದರೆ ಒಪ್ಪುತ್ತಿರಲಿಲ್ಲ, ವಾಲಿದ ಬಾಯಿ ಬೀದಿಯವರಿಗೆ ಕಾಣಬಾರದು. ಕ್ಷೌರದವನು ಮನೆಗೆ ಬರುವುದೂ ಬೇಡ. ನಾನೊಬ್ಬಳು ಮಾತ್ರ ಆಗಬಹುದು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಅಪ್ಪ ರೇಷ್ಮೆ ಸೀರೆ ನೇಯ್ದವನು. ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿ, ಎಳೆ ಎಲ್ಲಿ ಕಡಿದಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಗಡ್ಡಕ್ಕೂ ಅದೇ ಪರೀಕ್ಷೆ. ನಾನು ಮೇಲಿನಿಂದ ಕೆಳಕ್ಕೆ ಹೆರೆದು, ಮುಖ ಒರೆಸಿ ಮುಗಿಸಿದರೆ, ಎಡಗೈ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು ನೋಡುತ್ತಿದ್ದ.

"ಇಲ್ಲಿ ತಡೀತದೆ ಕಣಮ್ಮ. ಎದುರಿಗೆ ಎಳಿ."

"ಎದುರಿಗೆ ಎಳುದ್ರೆ ಕುಯ್ಯುತ್ತಪ್ಪ."

"ಕುಯ್ದ್ರೆ ಪಟಿಕ ಐತಲ್ಲ."

ಸುಕ್ಕುಗಟ್ಟಿದ ಚರ್ಮದ ಮೇಲೆ ರೇಜರ್ ಕೂದಲಿಗೆ ಎದುರಾಗಿ ಹೋದರೆ ಬಿಟ್ಟೀತೇ? ಗಲ್ಲದ ಕೆಳಗೆ ಕೆಂಪು ಹನಿ ಮೂಡುತ್ತಿತ್ತು. ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಆಮೇಲೆ ಪಟಿಕದ ತುಂಡು ನೆನೆಸಿ ಉಜ್ಜುತ್ತಿದ್ದೆ. ಉರಿಗೆ ಹಲ್ಲು ಕಚ್ಚಿಕೊಂಡು, "ಏನೂ ಆಗ್ಲಿಲ್ಲ ಬಿಡು" ಎಂದು ನಗುತ್ತಿದ್ದ. ಬೆರಳಿಗೆ ಏನೂ ತಡೆಯದಿದ್ದರೆ ಅವನಿಗೆ ಅಂದು ಹಬ್ಬ.

ಒಂದು ದಿನ ಕಲ್ಯಾಣದುರ್ಗದಿಂದ ತಮ್ಮ ಬಂದ. ರೊದ್ದಂನಿಂದ ಸೋದರತ್ತೆಯೂ ಬಂದಿದ್ದಳು. ನಾನು ಕಾಫಿ ತರುವಷ್ಟರಲ್ಲಿ ತಮ್ಮ ಅಪ್ಪನ ಮುಖ ನೋಡಿ, "ಇದೇನಪ್ಪ ಹಿಂಗಾಗೈತೆ?" ಎಂದು ಕೇಳುತ್ತಿದ್ದ. ಅಪ್ಪ ಗಲ್ಲ ಎತ್ತಿ ಬೆಳಕಿಗೆ ಹಿಡಿದ.

"ನೋಡ್ಲಾ, ನಿಮ್ಮಕ್ಕ ಹಿಂಗೆ ಕುಯ್ದಾಕ್ತಾಳೆ. ಹೇಳುದ್ರೆ ಕೇಳಲ್ಲ. ನನ್ನ ಕರ್ಕೊಂಡ್ ಹೋಗ್ಬುಡು."

ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ನನ್ನನ್ನು ನೋಡಿ ಗೋಡೆಯತ್ತ ತಿರುಗಿಕೊಂಡ. ಅತ್ತೆ ತೆಲುಗಿನಲ್ಲಿ ಮೆಲ್ಲಗೆ, ಅವಳಿಗೂ ಸಾಕಾಗಿರಬೇಕು ಪಾಪ, ಎಂದಳು. ಆ 'ಪಾಪ' ಎಂಬ ಮಾತು ನನ್ನ ಮೈ ಉರಿಸಿತು. ಎದುರಿಗೆ ಎಳೆ ಅಂದವನು ನೀನೇ ಅಲ್ಲವೇ ಎಂದು ಕೇಳಬಹುದಿತ್ತು. ಕೇಳಿದರೆ ಕಾಯಿಲೆಯವನ ಮೇಲೆ ಹರಿಹಾಯ್ದಳು ಎನ್ನುತ್ತಾರೆ. ಮಗನ ಮನೆಗೆ ಹೋಗುವ ಆಸೆಯಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ನಾನೇ ಬಟ್ಟೆ ಮಡಿಸಿ ಕೊಡುತ್ತಿದ್ದೆ. ಹೋಗುವುದಕ್ಕೆ ನನ್ನ ಕೈಯನ್ನೇ ದೂರಬೇಕಿತ್ತೇ? ಅಪ್ಪ ತಮ್ಮನ ಜೊತೆ ಹೊರಟಾಗ ಬಟ್ಟೆ ಹೇಗೂ ನಾನೇ ಮಡಿಸಿಕೊಟ್ಟೆ. ಪಟಿಕ ಮಾತ್ರ ಕೊಡಲಿಲ್ಲ.

ಕೆಲವು ತಿಂಗಳು ಅತ್ತ ತಲೆ ಹಾಕಲಿಲ್ಲ. ಕೊನೆಗೆ ಮನಸ್ಸು ತಡೆಯದೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಪಟಿಕವೂ ಬ್ಯಾಗಿನಲ್ಲಿತ್ತು. ತಮ್ಮನ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅಪ್ಪನ ದನಿ ಕೇಳಿಸಿತು.

"ನಿಮ್ಮಕ್ಕ ಒಂದಿನಾನೂ ಒಂದು ಗಾಯ ಮಾಡ್ಲಿಲ್ಲ ಕಣ್ಲಾ. ಕೈ ಅಂದ್ರೆ ಅವಳ್ದು ಕೈ."

ಅಪ್ಪ ಕುರ್ಚಿಯಲ್ಲಿ ಕೂತಿದ್ದ, ಗಲ್ಲದಲ್ಲಿ ರಕ್ತ ಒಸರುತ್ತಿತ್ತು. ತಮ್ಮನ ಹೆಂಡತಿ ಗಾಯಕ್ಕೆ ಕಾಫಿಪುಡಿ ಒತ್ತಲು ನಿಂತಿದ್ದಳು. ರೇಜರ್ ಹಿಡಿದಿದ್ದ ತಮ್ಮ ನನ್ನತ್ತ ತಿರುಗಿದ. "ಎದುರಿಗೆ ಎಳಿ ಅಂದಿದ್ದು ಇವ್ರೇ ಅಕ್ಕ," ಎಂದ. ಅವನ ಮುಖ ಸಣ್ಣದಾಗಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ.

ಆ ಹೊಗಳಿಕೆ ನನ್ನ ಮನೆಯಲ್ಲಿ, ಅತ್ತೆಯ ಮುಂದೆ ನನಗೆ ಬೇಕಿತ್ತು. ಇಲ್ಲಿ ಅದು ತಮ್ಮನನ್ನು ಚುಚ್ಚುವುದಕ್ಕೆ ಸಿಕ್ಕಿದ ಮಾತು, ಅಷ್ಟೆ. ಅದೂ ಸುಳ್ಳೇ.

ನನ್ನನ್ನು ಕಂಡು ಅಪ್ಪನ ಮುಖ ಅರಳಿತು. "ಬಂದ್ಯಾ ಕಣಮ್ಮ. ಪಟಿಕ ತಂದಿದ್ದೀಯಾ?" ಎಂದು ತಾನೇ ಗಲ್ಲ ಎತ್ತಿದ.

ತುಂಡು ನೆನೆಸಿ ಗಾಯದ ಮೇಲೆ ಒತ್ತಿದೆ.

"ಉರೀತದೆ ಕಣಮ್ಮ, ಮೆಲ್ಲಗೆ."

"ಉರೀಲಿ ಬಿಡಪ್ಪ," ಎಂದೆ. ಕೈ ತೆಗೆಯಲಿಲ್ಲ.