ಬಿಸಿಲಿಗಿಟ್ಟ ಸೆಲ್ಲು

ಆ ಸೆಲ್ಲನ್ನು ತೆಗೆದದ್ದು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಉಳಿದದ್ದನ್ನು ಹೇಳುತ್ತ ಹೋದರೆ ಇದನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದೆ ಕೈಬಿಟ್ಟೇನು ಎಂಬ ಅಂಜಿಕೆ ನನಗಿದೆ. ತೊಂಬತ್ತೆಂಟರ ಭಾದ್ರಪದ, ನಮ್ಮ ಜೈನರ ದಶಲಕ್ಷಣ ಪರ್ವದ ಮೊದಲ ದಿನ, ಮುಂಜಾನೆ ಬಸದಿಯಿಂದ ಬಂದ ಮೇಲೆ, ಗೋಕಾಕದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದು ನಡೆಯಿತು.

ಆಗ ನನ್ನ ಮದುವೆಯಾಗಿ ನಾಲ್ಕು ವರ್ಷ. ನಮ್ಮ ಮನೆಯವರು ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ಗೋಕಾಕ ಬಸ್‌ ಸ್ಟ್ಯಾಂಡಿನ ಹಿಂದೆ ಒಂದು ಪೆಟ್ಟಿಗೆ, ಮೂಡಲಗಿಯಲ್ಲಿ ಅವರ ಗೆಳೆಯನ ಸೈಕಲ್‌ ಅಂಗಡಿಯಲ್ಲಿ ಒಂದು, ಹುಕ್ಕೇರಿಯಲ್ಲಿ ಭಾವನವರ, ಎಂದರೆ ಅವರ ಅಣ್ಣನ, ಬಟ್ಟೆ ಅಂಗಡಿಯ ಬಾಜೂ ಕೋಣೆಯಲ್ಲಿ ಇನ್ನೊಂದು. ಪೆಟ್ಟಿಗೆ ಮೂರಾದರೂ, ಅದರೊಳಗೆ ಕೂರಿಸುವ, ಜನ ಬಯಸುವ ಆಟದ ಬೋರ್ಡು ಒಂದೇ. ಅದನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಅವರು ಸಂತೆಯ ದಿನ ನೋಡಿ ಬಸ್ಸಿನಲ್ಲಿ ಊರಿಂದ ಊರಿಗೆ ಒಯ್ಯುತ್ತಿದ್ದರು. ಕೌದಿ ನಾನು ಹೊಲಿದದ್ದು. ಕಂಡಕ್ಟರು ಒಮ್ಮೆ, “ಕೂಸಿಗೆ ಟಿಕೆಟ್‌ ಬ್ಯಾಡನ್ರಿ?” ಎಂದು ಕೇಳಿದ್ದನಂತೆ.

ಅದು ಇಬ್ಬರು ಬಡಿದಾಡುವ ಆಟ. ಅದರ ಇಂಗ್ಲಿಷ್‌ ಹೆಸರು ಯಾರ ಬಾಯಲ್ಲೂ ಸರಿಯಾಗಿ ಹೊರಳುತ್ತಿರಲಿಲ್ಲ. ಮೊದಲನೇದು, ಎರಡನೇದು, ಮೂರನೇದು ಎಂದೇ ಮೂರೂ ಊರಲ್ಲಿ ಕರೆಯುತ್ತಿದ್ದರು. ಮೂರನೇದು ಬಂದ ವರ್ಷ ಗೋಕಾಕದ ಅಂಗಡಿಯ ಮುಂದೆ ಚಪ್ಪಲಿಗಳು ರಸ್ತೆಯವರೆಗೆ ಹರಡಿರುತ್ತಿದ್ದವು. ಅರಭಾವಿ ಕಾಲೇಜಿನ ಹುಡುಗರು ಬಸ್ಸು ಬಿಟ್ಟರೂ ಚಿಂತೆಯಿಲ್ಲ ಎಂದು ನಿಂತು ನೋಡುತ್ತಿದ್ದರು. ಆಟದೊಳಗಿನ ಎಂಟು ಮಂದಿಗೂ ಇಲ್ಲಿನ ಹೆಸರು ಬಿದ್ದಿತ್ತು: ಪೈಲ್ವಾನ, ಗಡ್ಡದ ಮಾವ, ಉದ್ದ ಹೆರಳಿನ ಹೆಂಗಸು ಜಡಿ ಬಾಯಿ, ಹೀಗೆ. ಜಡಿ ಬಾಯಿಯನ್ನು ಹಿಡಿದು ಆಡಿದರೆ ನಮ್ಮವರನ್ನು ಸೋಲಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಅವರನ್ನು “ಉಸ್ತಾದ್‌” ಎನ್ನುತ್ತಿದ್ದರು.

ಆ ಮಾತು ಅವರಿಗೆ ಏನಾಗಿತ್ತೆಂಬುದನ್ನು ತಿಳಿಯಲು ಹುಕ್ಕೇರಿಯ ಬಟ್ಟೆ ಅಂಗಡಿಯಲ್ಲಿ ಅವರನ್ನು ನೋಡಿರಬೇಕಿತ್ತು. ಮದುವೆಯ ಹೊತ್ತಿಗೆ ಅವರು ಅಲ್ಲೇ ಇದ್ದವರು. ನಾನು ಸೊಸೆಯಾಗಿ ಹೋದ ಮೊದಲ ತಿಂಗಳಲ್ಲಿ ನೋಡಿದೆ. ಗಿರಾಕಿಗಳ ಮುಂದೆ ಭಾವನವರು, “ಅಳಿಯೂದು ಒಂದ ಬರತಿದ್ದಿಲ್ಲ ಅವಗ, ಈಗ ಅದೂ ಮರತಾನ” ಎನ್ನುವರು. ಇವರ ಕೈಯಲ್ಲಿನ ಗಜಕಡ್ಡಿ ನಡುಗುವುದು. ಒಳಗೆ ಬಂದ ಮೇಲೂ ಎಷ್ಟೋ ಹೊತ್ತು ಇವರು ಮಾತಾಡುತ್ತಿರಲಿಲ್ಲ. ಗೋಕಾಕಕ್ಕೆ ಬಂದ ಮೇಲೆ ಮಾತು ಬಂತು, ನಗು ಬಂತು, ನನ್ನ ಅಡಿಗೆಯಲ್ಲಿ ತಪ್ಪು ಹುಡುಕಿ ಹೆಸರಿಡುವಷ್ಟು ಸಲಿಗೆ ಬಂತು. ಹುಕ್ಕೇರಿ ಬಿಡುವಾಗ ಭಾವನವರು ಒಂದೇ ಮಾತು ಹೇಳಿದ್ದರು: “ಆಟ ನಡಿಯೂತನಕ ಮಾಡು. ನಿಂತ ದಿನ ಸುಮ್ನ ಬಂದು ಗಾದಿ ಮ್ಯಾಲ ಕುಂಡ್ರಬೇಕು.” ಇವರು ಒಪ್ಪಿದ್ದರು. ಆದ್ದರಿಂದ ಆಟ ನಿಲ್ಲದಿರಲಿ ಎಂಬುದು ನನ್ನ ದಿನದ ಪ್ರಾರ್ಥನೆಯಂತೆ ಆಗಿತ್ತು.

ಅದು ಇಳಿಮುಖವಾದದ್ದು ನನಗೆ ಚಪ್ಪಲಿಗಳಿಂದ ಗೊತ್ತಾಯಿತು. ಮೊದಲು ರಸ್ತೆಯಿಂದ ಹಿಂದೆ ಸರಿದವು, ಆಮೇಲೆ ಹೊಸ್ತಿಲ ಹತ್ತಿರ ಬಂದವು. ಉಳ್ಳವರ ಮನೆಗಳಲ್ಲಿ ಟೀವಿಗೆ ಜೋಡಿಸುವ ಕ್ಯಾಸೆಟ್ಟಿನ ಆಟಗಳು ಬಂದಿದ್ದವು. ನಾಲ್ಕನೇದು ಬಂದಿದೆ ಎಂದು ಸುದ್ದಿಯಾಗಿ ಇವರು ಬೆಳಗಾವಿಗೆ ಹೋಗಿ ನೋಡಿ ಬಂದರು. ಬಂದವರು ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕುಳಿತರು.

“ಹ್ಯಾಂಗೈತ್ರಿ?” ಎಂದೆ.

“ಎಲ್ಲಾರನೂ ಕಟಗಿಯಾಗ ಕೆತ್ತಿದಂಗ ಮಾಡ್ಯಾರ. ಸುತ್ತ ತಿರಗತಾರ, ಖರೆ, ಆದ್ರ ಹೊಡತ ಬೀಳೂದ ತಿಳಿಯೂದಿಲ್ಲ. ಜಡಿ ಬಾಯಿನ್ನ ತಗದಬಿಟ್ಟಾರ.” ಚಪ್ಪಲಿ ಕಳಚುತ್ತ ಹೇಳಿದರು, “ಅಲ್ಲೀನೂ ಯಾರೂ ಆಡಾಕತ್ತಿದ್ದಿಲ್ಲ. ನಾ ಒಬ್ಬನ ನಿಂತಿದ್ದೆ.”

ಬೋರ್ಡು ಮಾರುವ ಮುಂಬೈಯವನು ಪತ್ರಿಕೆಯೊಂದರಲ್ಲಿ ಓದಿ ಹೇಳಿದ್ದನಂತೆ: ಆಟ ಮಾಡಿದ ಹೊರದೇಶದ ಕಂಪನಿಯವರಿಗೇ ಅದರ ಮೇಲೆ ಮನಸ್ಸಿಲ್ಲ, ಐದನೇದು ಬರುವುದು ಸಂಶಯ. ಅಂದಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ನಾವು ಕಾಣದ ಯಾವುದೋ ಊರಿನಲ್ಲಿ ಯಾರೋ ಮನಸ್ಸು ಬದಲಿಸಿದರೆ ನನ್ನ ಗಂಡನ ಕೈ ಹುಕ್ಕೇರಿಯಲ್ಲಿ ನಡುಗಬೇಕು ಎಂಬುದು ನನಗೆ ಎಷ್ಟು ಯೋಚಿಸಿದರೂ ಅರ್ಥವಾಗುತ್ತಿರಲಿಲ್ಲ. ಆದರೂ ಇದ್ದ ಮೂರನೇದು ನಡೆಯುತ್ತಿತ್ತು. ಸಂತೆಗೆ ಬಂದವರು ಆಡುತ್ತಿದ್ದರು. ಅದು ಸಾಕಾಗಿತ್ತು.

ಪರ್ವದ ಹತ್ತು ದಿನ ಇವರು ಆಟ ಬಂದ್‌ ಇಡುತ್ತಿದ್ದರು. ಹಸಿರು ಕಾಯಿಪಲ್ಲೆಯನ್ನೂ ಹೆಚ್ಚದ ದಿನಗಳಲ್ಲಿ, ಗಾಜಿನ ಹಿಂದೆಯಾದರೂ ಸರಿ, ಬಡಿದಾಟ ನಡೆಸುವುದು ಅವರ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಮೂಡಲಗಿಯ ಸೈಕಲ್‌ ಅಂಗಡಿಯ ಗೆಳೆಯ ಪ್ರತಿ ವರ್ಷ ಚೇಷ್ಟೆ ಮಾಡುತ್ತಿದ್ದ: “ಪೈಲ್ವಾನಗೂ ಉಪಾಸ ಹಚ್ಚೀರಲ್ಲೋ! ನಮ್ಮ ರೋಜಾದಾಗ ಅವಾ ಆರಾಮ ಹೊಡ್ಯಾಕತ್ತಿರತಾನ. ಅವನ ಜಾತಿ ಯಾವುದು ಒಮ್ಮೆ ಕೇಳಿ ಬಿಡೂಣು.”

ಹಾಗಾಗಿ ಆ ಹತ್ತು ದಿನ ಬೋರ್ಡು ನಮ್ಮ ಮನೆಯಲ್ಲಿ ಟ್ರಂಕಿನ ಮೇಲೆ ಇರುತ್ತಿತ್ತು. ಆ ವರ್ಷ ಧೂಳು ಒರೆಸಲೆಂದು ಕೌದಿ ಬಿಚ್ಚಿದೆ. ಒಂದು ಮೂಲೆಯಲ್ಲಿ, ಸಣ್ಣ ಕ್ಲಿಪ್ಪಿನಲ್ಲಿ, ಕಿರುಬೆರಳಿನ ಅರ್ಧದಷ್ಟು ಸೆಲ್ಲು ಕಂಡಿತು. ನನ್ನ ತವರಿನಲ್ಲಿ ಒಂದು ರೇಡಿಯೋ ಇತ್ತು. ಸುಗ್ಗಿಯಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಇಟ್ಟಾಗ ಸೆಲ್ಲು ಸೋರಿ ಅದರ ಒಳಗೆಲ್ಲ ಹಸಿರು ಕಿಲುಬು ಹಿಡಿದು ಕೆಟ್ಟಿತ್ತು. ಅಂದಿನಿಂದ ಯಾವ ಸಾಮಾನನ್ನು ನಾಲ್ಕು ದಿನ ಬಳಸದಿದ್ದರೂ ಮೊದಲು ಸೆಲ್ಲು ತೆಗೆಯುವುದು ನಮ್ಮ ಮನೆಯ ರೂಢಿ. ತೆಗೆದದ್ದನ್ನು ಬಿಸಿಲಿಗೆ ಇಟ್ಟರೆ ಮತ್ತೆ ಕಸುವು ಬರುತ್ತದೆ ಎಂದು ಎಲ್ಲರೂ ಮಾಡುವಂತೆ ನಾನೂ ಮಾಡಿದೆ. ಮಳೆ ಬಿಟ್ಟಾಗಲೆಲ್ಲ ಮಾಳಿಗೆಯ ಮೇಲೆ ತಟ್ಟೆಯಲ್ಲಿ ಇಟ್ಟೆ. ಹತ್ತನೇ ದಿನ ತಂದು, ಒರೆಸಿ, ಹೇಗಿತ್ತೋ ಹಾಗೇ ಕ್ಲಿಪ್ಪಿನಲ್ಲಿ ಕೂರಿಸಿದೆ. ಒಳ್ಳೆಯದು ಮಾಡಿದೆ ಎಂದುಕೊಂಡಿದ್ದೆ. ಇವರಿಗೆ ಹೇಳುವಷ್ಟು ದೊಡ್ಡ ಸಂಗತಿ ಅನ್ನಿಸಲಿಲ್ಲ.

ಮರುದಿನ ಇವರು ಬೋರ್ಡು ಜೋಡಿಸಿ ಸ್ವಿಚ್ಚು ಹಾಕಿದರು. ತೆರೆಯ ತುಂಬ ಹಸಿರು ಬಣ್ಣ ಬಂತು. ಬೇರೇನೂ ಬರಲಿಲ್ಲ. ನಾನು ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಇವರು ಆರಿಸಿ ಹಾಕಿದರು, ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದರು, ಮತ್ತೆ ಹಾಕಿದರು. ಹಸಿರೇ.

ಎಸ್‌ಟಿಡಿ ಅಂಗಡಿಯ ಗಾಜಿನ ಗೂಡಿನಲ್ಲಿ ಇವರು ಮುಂಬೈಯವನಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಮಾತು ಮರಾಠಿಯಲ್ಲಿ ನಡೆಯಿತು. ಆಚೆಯ ಧ್ವನಿ ನನಗೂ ಕೇಳಿಸುತ್ತಿತ್ತು. ಆ ಬೋರ್ಡಿನ ಪ್ರಾಣ ಇರುವುದು ಆ ಸೆಲ್ಲಿನಲ್ಲಿ, ಕದ್ದು ನಕಲು ಮಾಡಬಾರದೆಂದು ಕಂಪನಿಯವರೇ ಹಾಗೆ ಮಾಡಿದ್ದಾರೆ, ಸೆಲ್ಲು ಒಂದು ಸಲ ಹೊರಗೆ ಬಂದರೂ ಒಳಗಿನದು ಅಳಿಸಿಹೋಗುತ್ತದೆ, ಹಿಂದೆ ಕಂಪನಿಗೆ ಕಳಿಸಿದರೆ ಸರಿಮಾಡಿ ಕೊಡುತ್ತಿದ್ದರು, ಈಗ ಆ ಕೆಲಸವನ್ನೇ ಮುಚ್ಚಿದ್ದಾರೆ ಎಂದು ಅವನು ಹೇಳಿದ. ಆಮೇಲೆ ಕೇಳಿದ, ಯಾರಾದರೂ ಸೆಲ್ಲು ತೆಗೆದಿದ್ದರೇ?

ಇವರು ನನ್ನ ಕಡೆ ನೋಡಲೂ ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಹೇಳಿದರು. ಫೋನಿಟ್ಟು ಹೊರಗೆ ಬಂದು, “ಅದರ ಆಯುಷ್ಯನ ಅಷ್ಟಿತ್ತು ಅಂತ ಕಾಣತೈತಿ” ಎಂದರು.

ನಾನು ಸುಮ್ಮನಿದ್ದೆ. ಆ ದಿನವೂ, ಮುಂದಿನ ಒಂದು ತಿಂಗಳೂ. ಪ್ರತಿಕ್ರಮಣಕ್ಕೆ ಕುಳಿತಾಗ ತಪ್ಪುಗಳನ್ನು ಒಂದೊಂದಾಗಿ ನೆನೆಯುವಾಗ ಇದರ ಹತ್ತಿರ ಬಂದು ದಾಟಿ ಹೋಗುತ್ತಿದ್ದೆ. ಹೇಳಿದರೆ ಇವರು ಏನು ಮಾಡುತ್ತಾರೆ ಎಂಬ ಅಂಜಿಕೆ ನನಗಿರಲಿಲ್ಲ. ಏನೂ ಮಾಡದೆ ಮತ್ತೆ ಆ ಮೊದಲಿನ ಮೌನಕ್ಕೆ ಹೋಗಿಬಿಡುತ್ತಾರೆ ಎಂಬುದೇ ನನ್ನ ಅಂಜಿಕೆಯಾಗಿತ್ತು. ಇವರು ಹಳೆಯ ಎರಡನೇದನ್ನು ಹಾಕಿ ನೋಡಿದರು. ಹುಡುಗರು ಬಂದು ಇಣುಕಿ, “ಉಸ್ತಾದ್‌, ಅಜ್ಜನ್ನ ಎಬ್ಬಿಸಿ ಕುಂಡ್ರಿಸೀರಲ್ರಿ” ಎಂದು ನಕ್ಕು ಹೋದರು.

ದೀಪಾವಳಿಗೆ ಮುಂಚೆ ಭಾವನವರು ತಾವೇ ಗೋಕಾಕಕ್ಕೆ ಬಂದರು. ಅಂಗಡಿಯ ಖಾಲಿ ಬೆಂಚು ನೋಡಿದರು. ಅವರು ಅಂದು ಬೈಯಲಿಲ್ಲ. ಬೈದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲವೇನೋ.

“ತಮ್ಮಾ, ಅದನ್ನ ಮಾಡಿದವರ ಕೈಬಿಟ್ಟಾರ. ನೀ ಯಾಕ ಹಿಡಕೊಂಡ ಕುಂತಿ? ಯಾವ ಕೆಲಸಾನೂ ನಿನ್ನ ಕೈಯಾಗ ಉಳಿಯೂದಿಲ್ಲ. ನಡಿ.”

ನಮ್ಮಲ್ಲಿ ಭಾವನ ಎದುರು ತಮ್ಮನ ಹೆಂಡತಿ ನೇರ ಮಾತಾಡುವ ರೂಢಿ ಇಲ್ಲ. ಊಟದ ಡಬ್ಬಿ ತಂದಿದ್ದ ನಾನು ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತು ಹೇಳಿದೆ: “ಅವರ ಕೈಯಾಗ ಕೆಟ್ಟಿಲ್ರಿ. ಸೆಲ್‌ ನಾ ತಗದೆ.”

ಭಾವನವರು ನನ್ನನ್ನು ನೋಡದೆ ತಮ್ಮನನ್ನು ಕೇಳಿದರು, “ಏನಂತಾಳ?”

ಇವರು ನನ್ನ ಕಡೆ ತಿರುಗಿದರು. ನನ್ನನ್ನು ಕೇಳಿದರು, “ಯಾವಾಗ?”

“ಪರ್ವದ ಮೊದಲನೇ ದಿನ.”

“ಬಿಸಲಿಗೆ ಇಟ್ಟಿದ್ದೇನು?”

“ಹೂಂ.”

“ಇಟ್ಟಿರತಿ,” ಎಂದರು. ಬೆಂಚಿನ ಮೇಲೆ ಕುಳಿತು ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅಂದೂ, ಮುಂದೂ.

ನಾವು ಹುಕ್ಕೇರಿಗೆ ಹೋದೆವು. ಐದು ವರ್ಷ ಅಲ್ಲಿದ್ದೆವು. ಅಂಗಡಿ ಮನೆಯ ಮುಂದಿನ ಕೋಣೆಯೇ ಆದ್ದರಿಂದ ನಾನು ನಡುಮನೆಯ ಪರದೆಯ ಹಿಂದಿನಿಂದ ಕೇಳುತ್ತಿದ್ದೆ: ಕತ್ತರಿಯ ಸದ್ದು, ಭಾವನವರ ಧ್ವನಿ, ಇವರ “ಹೂಂ”. ಆ ಸೆಲ್ಲು ನಾನು ತೆಗೆಯದಿದ್ದರೆ ಆಟ ಇನ್ನೊಂದು ವರ್ಷ ನಡೆಯುತ್ತಿತ್ತೋ, ಎರಡೋ? ಚಪ್ಪಲಿಗಳು ಆಗಲೇ ಹೊಸ್ತಿಲಿಗೆ ಬಂದಿದ್ದವಲ್ಲ. ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ನನಗೆ ಅನುಕೂಲವಾದ ಉತ್ತರವೇ ಬರುತ್ತಿತ್ತು. ಅದಕ್ಕೇ ನಾನು ಅದನ್ನು ನಂಬಲಿಲ್ಲ.

ಎರಡು ಸಾವಿರದ ಮೂರರ ಬೇಸಗೆಯಲ್ಲಿ ಮೂಡಲಗಿಯ ಗೆಳೆಯ ಹುಕ್ಕೇರಿಗೆ ಬಂದ. ಬಾಗಿಲಲ್ಲೇ ಕೂಗಿದ, “ಭಾಭಿ! ನಿಮ್ಮ ಜಡಿ ಬಾಯಿ ಜಿಂದಾ ಅದಾಳ್ರಿ! ಗೋಕಾಕದಾಗ ಕಂಪ್ಯೂಟರ್‌ ಅಂಗಡ್ಯಾಗ ನೋಡಿ ಬಂದೆ.”

ಮೂವರೂ ಗೋಕಾಕಕ್ಕೆ ಹೋದೆವು. ಅರಭಾವಿಯ ಒಬ್ಬ ವಿದ್ಯಾರ್ಥಿ ಸೈಬರ್‌ ಕೆಫೆಯಲ್ಲಿ ಮೂರನೇದನ್ನು ಆಡುತ್ತಿದ್ದ. ಹಳೆಯ ಬೋರ್ಡುಗಳ ಒಳಗಿನದನ್ನು ಯಾರೋ ಹೊರತೆಗೆದು ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿದ್ದಾರೆ, ಸೀಡಿಯಲ್ಲಿ ತುಂಬಿಕೊಂಡು ಬಂದೆ ಎಂದ. ಇವರು ಕೂತರು. ಕೀಲಿಮಣೆಯ ಮೇಲೆ ಬೆರಳುಗಳಿಗೆ ದಾರಿ ಸಿಗಲಿಲ್ಲ. ಎರಡು ಸಲ ಸೋತರು.

“ಕಾಕಾ, ಮೊದಲ ಆಡೀರೇನ್ರಿ?” ಎಂದು ಆ ವಿದ್ಯಾರ್ಥಿ ಕೇಳಿದ.

“ಏ! ಯಾರನ್ನ ಕೇಳಾಕತ್ತಿ?” ಎಂದು ಗೆಳೆಯ ಸಿಟ್ಟಿಗೆದ್ದ. “ಇವರ ಕೈಲೆ ಹೊಡಿಸಿಕೊಳ್ಳಾಕ ಸಂಕೇಶ್ವರದಿಂದ ಮಂದಿ ಬರತಿದ್ರು.”

ಇವರು ನಕ್ಕರು. ನಾನು ಆ ನಗುವನ್ನು ಐದು ವರ್ಷದಲ್ಲಿ ಕೇಳಿರಲಿಲ್ಲ. “ಐದನೇದು ಬರತೈತೇನಪಾ?” ಎಂದು ಕೇಳಿದರು.

“ಮಾಡಾಕತ್ತಾರ ಅಂತ ಇಂಟರ್ನೆಟ್ಟಿನ್ಯಾಗ ಒಬ್ಬರು ಬರೀತಾರ, ಇಲ್ಲ ಅಂತ ಇನ್ನೊಬ್ಬರು. ನಂಬೂದು ಯಾರನ್ನರಿ?”

ಗೆಳೆಯನ ವಿಚಾರ ಹೀಗಿತ್ತು: ಅವನ ಅಂಗಡಿಯ ಮೂಲೆಯಲ್ಲಿ ಪೆಟ್ಟಿಗೆ ಇನ್ನೂ ಇದೆ, ಅದರ ಮೇಲೆ ಟಯರು ಇಡುತ್ತಿದ್ದಾನೆ. ಹಳೆಯ ಕಂಪ್ಯೂಟರು ಒಂದನ್ನು ಅದರೊಳಗೆ ಕೂರಿಸಿ, ಮೊದಲಿನ ಹಿಡಿಕೆಗಳನ್ನೇ ಜೋಡಿಸಿದರೆ ಮೂಡಲಗಿಯಲ್ಲಿ ಮತ್ತೆ ಆಟ ಹಚ್ಚಬಹುದು. ಬಾಜೂಕ್ಕೆ ಇನ್ನೆರಡು ಕಂಪ್ಯೂಟರು. ನೀನು ಬಂದು ನಡೆಸು ಎಂದ.

ತಿರುಗಿ ಬರುವಾಗ ಬಸ್ಸು ಘಟಪ್ರಭಾ ದಾಟಿತು. ಆಮೇಲೆ ಇವರು, “ನಿನಗ ಏನ ಅನಸತೈತಿ?” ಎಂದರು.

ನನಗೆ ಅನ್ನಿಸಿದ್ದನ್ನು ಅನ್ನಿಸಿದಂತೆಯೇ ಹೇಳಿದೆ. “ನನಗ ಅಂಜಿಕಿ ಆಗತೈತ್ರಿ. ಅದೂ ನಿಂತೀತು. ಮನಿಮನಿಗೆ ಕಂಪ್ಯೂಟರ್‌ ಬಂದ್ರ ಮೂಡಲಗಿಗೆ ಯಾರ ಬರತಾರ?”

“ನಿಂತೀತು,” ಎಂದು ಅವರೂ ಒಪ್ಪಿದರು.

ಎರಡು ದಿನದ ಮೇಲೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ಇವರು ಕೈಯಲ್ಲಿದ್ದ ಬಟ್ಟೆಯನ್ನು ಅಳೆದು, ಕತ್ತರಿಸಿ, ಮಡಚಿ, ಕೊಳ್ಳುವ ಹೆಂಗಸಿಗೆ ಕೊಟ್ಟು, ಅಣ್ಣನ ಕಡೆ ತಿರುಗಿ ವಿಷಯ ಹೇಳಿದರು. ನಾನು ಪರದೆಯ ಹಿಂದೆ ಇದ್ದೆ.

“ಅದ ಸತ್ತ ಆಟಾನ? ಅದೂ ನಿಂತ್ರ ಮತ್ತ ಇಲ್ಲೇ ಬರಾವ, ಹೌದಿಲ್ಲೋ?”

“ಇಲ್ರಿ ಅಣ್ಣಾ. ಅದ ನಿಂತ್ರ ಮತ್ತೊಂದ ನೋಡತೇನಿ. ಇಲ್ಲಿ ಬರಂಗಿಲ್ಲ.”

 ಕೊಳ್ಳಲು ಬಂದ ಹೆಂಗಸು ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಇವರ ಧ್ವನಿ ಅಲುಗಿರಲಿಲ್ಲ. ಭಾವನವರು ತಮ್ಮನನ್ನು ನೋಡಿ, “ಉಂಡರ ಹೋಗು. ಹೊತ್ತು ಮುಳುಗಾಕ ಬಂತು,” ಎಂದರು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ; ನಾನು ಎಲೆ ಹಾಕಲು ಒಳಗೆ ಓಡಿದೆ. ರೊಟ್ಟಿ ಬಡಿಸುವಾಗ ಮೂಡಲಗಿಯಲ್ಲಿ ಬಾಡಿಗೆಗೆ ಕೋಣೆ ಸಿಗುತ್ತದೆಯೋ ಇಲ್ಲವೋ ಎಂದು ಆಗಲೇ ಚಿಂತೆ ಹತ್ತಿತ್ತು. ಇವರು ಮಾತ್ರ ಪಲ್ಲೆ ಬಾಯಿಗಿಟ್ಟು, ಗೋಕಾಕದ ದಿನಗಳಲ್ಲಿ ಎನ್ನುತ್ತಿದ್ದಂತೆ, “ಉಪ್ಪು ಮರತಿ,” ಎಂದರು.