ಹೆಬ್ಬೆರಳಿನ ಕೆಳಗೆ ಹನ್ನೆರಡು ಬಟನ್

ನನ್ನ ಎಡಗೈಯ ತೋರುಬೆರಳು ಮತ್ತು ನಡುಬೆರಳು ಅರ್ಧಕ್ಕೇ ನಿಂತಿವೆ. ಸೊರಬದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿದೆ. ಮದುವೆ ಕಾರ್ಡು, ರಸೀದಿ ಪುಸ್ತಕ, ಕರಪತ್ರ, ಫ್ಲೆಕ್ಸು, ಬಂದದ್ದನ್ನೆಲ್ಲ ಮಾಡುತ್ತೇನೆ. ಒಂದು ಮಧ್ಯಾಹ್ನ ಕಾಗದ ಕತ್ತರಿಸುವ ಯಂತ್ರದ ಬಾಯಲ್ಲಿ ಕಟ್ಟು ಸರಿಮಾಡಲು ಹೋಗಿ ಎಡಗೈ ಇಟ್ಟೆ, ಬಲಗೈ ಗುಂಡಿ ಒತ್ತಿತು. ಎರಡೂ ಕೈ ನನ್ನವೇ. ಯಾರನ್ನು ಬೈಯಲಿ?

ಗಾಯ ಮಾಯಿತು. ಕೆಲಸಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳದೆ ಉಳಿದದ್ದು ಆಟ. ಕಂಪ್ಯೂಟರಿನಲ್ಲಿ ಐದು ಜನ ಸೇರಿ ಆಡುವ ಆನ್‌ಲೈನ್ ಆಟವೊಂದನ್ನು ನಾನು ಏಳೆಂಟು ವರ್ಷಗಳಿಂದ ಆಡುತ್ತಿದ್ದೆ. ಮಧ್ಯಾಹ್ನ ಪ್ರೆಸ್ಸಿಗೆ ಗಿರಾಕಿಗಳು ಬರುವುದಿಲ್ಲ. ಶಟರ್ ಅರ್ಧ ಇಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಒಂದೂವರೆ ಗಂಟೆ ನನ್ನದು. ನಮ್ಮ ತಂಡದ ಉಳಿದ ನಾಲ್ವರು ಬೇರೆಬೇರೆ ಜಿಲ್ಲೆಯವರು, ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಅವರು ಮುಂದೆ ನುಗ್ಗಿ ಹೊಡೆದಾಡುತ್ತಾರೆ. ನನ್ನದು ಹಿಂದೆ ನಿಂತು ಅವರ ಗಾಯ ವಾಸಿಮಾಡುವ ಪಾತ್ರ. ಅದಕ್ಕೆ ಎಡಗೈಯ ಬೆರಳುಗಳು ಕೀಬೋರ್ಡಿನ ಮೇಲೆ ಪಟಪಟನೆ ಓಡಬೇಕು. ಉಳಿದ ಎರಡು ಬೆರಳು, ಒಂದು ಹೆಬ್ಬೆರಳಿನಲ್ಲಿ ನಾನು ನಡೆಯಬಲ್ಲೆ, ತಿರುಗಬಲ್ಲೆ. ಆದರೆ ಮೇಲಿನ ಸಾಲಿನ ಅಂಕಿಗಳನ್ನು ಮುಟ್ಟುವಷ್ಟರಲ್ಲಿ ನಮ್ಮವನೊಬ್ಬ ಸತ್ತು ಬಿದ್ದಿರುತ್ತಿದ್ದ.

"ಏನ್ ಗುರು, ನಿದ್ದೆ ಹೊಡೀತಿದ್ದೀಯಾ?" ಎಂದು ತಂಡದ ಹಿರಿಯ ಕಿವಿಯಲ್ಲಿ ಅರಚುತ್ತಿದ್ದ. ಬೆರಳಿನ ವಿಷಯ ನಾನು ಹೇಳಿರಲಿಲ್ಲ. ನೆಟ್ವರ್ಕ್ ಸರಿಯಿಲ್ಲ ಎನ್ನುತ್ತಿದ್ದೆ.

ಪರಿಹಾರ ಕಂಡದ್ದು ಒಂದು ವಿಡಿಯೊದಲ್ಲಿ. ಗೇಮಿಂಗ್ ಮೌಸ್‌ಗಳಲ್ಲಿ ಪಕ್ಕಕ್ಕೆ ಹೆಚ್ಚಿನ ಬಟನ್‌ಗಳಿರುತ್ತವೆ. ಕೆಲವಕ್ಕೆ ಎರಡು, ಕೆಲವಕ್ಕೆ ಆರು, ಕೆಲವಕ್ಕೆ ಹನ್ನೆರಡು. ಕೀಬೋರ್ಡಿನ ಯಾವ ಕೀಲಿಯನ್ನು ಬೇಕಾದರೂ ಅವಕ್ಕೆ ಹೊಂದಿಸಬಹುದು. ಅಂದರೆ ನನ್ನ ಎಡಗೈ ಕಳೆದುಕೊಂಡ ಕೆಲಸವನ್ನು ಬಲಗೈಯ ಹೆಬ್ಬೆರಳು ಮಾಡಬಹುದು. ವಾರವಿಡೀ ಅದನ್ನೇ ಓದಿದೆ. ಎರಡು ಬಟನ್ ನನಗೆ ಸಾಲದು. ಹನ್ನೆರಡು ಇದ್ದರೆ ಯಾವುದು ಯಾವುದೆಂದು ಹೆಬ್ಬೆರಳಿಗೆ ಗೊತ್ತಾಗುವುದಿಲ್ಲ ಎಂದು ಕೆಲವರು, ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎಂದು ಕೆಲವರು ಬರೆದಿದ್ದರು. ತರಿಸಿಕೊಳ್ಳುವುದು ಸುಲಭವಿತ್ತು, ಆದರೆ ಕೈಯಲ್ಲಿ ಹಿಡಿದು ನೋಡದೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಶಿಕಾರಿಪುರಕ್ಕೆ ನನ್ನ ಅಕ್ಕನನ್ನು ಕೊಟ್ಟಿದೆ. ಫೋನಿನಲ್ಲಿ ಅವಳಿಗೆ ವಿಷಯ ಹೇಳಿದೆ. "ಇಲ್ಲೊಂದು ಕಂಪ್ಯೂಟರ್ ಅಂಗಡಿ ಇದೆ ಮಾರಾಯ, ಬಣ್ಣಬಣ್ಣದ ಲೈಟು ಹಾಕ್ಕಂಡು ಕೂತಿದಾನೆ. ಬಾ, ನೋಡ್ಕಂಡು ಹೋಗು," ಎಂದಳು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಹೊರಟೆ. ಅಂಗಡಿಗೆ ಅಕ್ಕನೂ ಜೊತೆಗೆ ಬಂದಳು.

ಅಂಗಡಿಯ ಮಾಲೀಕನಿಗೆ ಮೂವತ್ತೈದರ ಆಸುಪಾಸು. ಎರಡು ಕೈಗೂ ಉಂಗುರಗಳು, ಒಳಗೆ ಕಾಲಿಡುವ ಮೊದಲೇ ಮೂಗಿಗೆ ಬಡಿಯುವ ಸೆಂಟು. ಕೌಂಟರಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು, ಅದರ ಸುತ್ತ ಬಳೆಯಾಕಾರದ ದೀಪ.

"ಬರ್ರಿ ಸರ, ಕೂಡ್ರಿ. ಅಕ್ಕಾರ, ಕೂಡ್ರಿ. ಏನ್ ತೋರಸ್ಲಿ?"

ಹೇಳಿದೆ. ಗಿರಾಕಿಗಳು ಹಿಡಿದು ನೋಡಲೆಂದು ಗಾಜಿನ ಕೆಳಗೆ ಇಟ್ಟಿದ್ದ ಮೌಸೊಂದನ್ನು ಅವನು ತೆಗೆದುಕೊಟ್ಟ. ಆರು ಬಟನ್‌ನದು. ಹಿಡಿದ ಕ್ಷಣವೇ ಬಿಟ್ಟುಬಿಡಬೇಕೆನ್ನಿಸಿತು. ಪಕ್ಕದ ರಬ್ಬರು ಕರಗಿ ಬೆಲ್ಲದ ಪಾಕದಂತೆ ಅಂಗೈಗೆ ಅಂಟಿತು. ಬಟನ್‌ಗಳ ನಡುವೆ ಊರವರೆಲ್ಲರ ಬೆರಳಿನ ಕೊಳೆ ಕಪ್ಪಗೆ ಗಟ್ಟಿಯಾಗಿತ್ತು. ಚಕ್ರದ ಸಂದಿಯಲ್ಲಿ ಒಂದು ಕೂದಲು. ನನ್ನ ಮುಖ ನೋಡಿ ಅವನು ಮೌಸನ್ನು ಕಿತ್ತುಕೊಂಡು, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ಕೊಳೆಯನ್ನು ಒರೆಸಿ, ಅಂಗಿಗೆ ತಿಕ್ಕಿ, ಮತ್ತೆ ನನ್ನ ಮುಂದೆ ಹಿಡಿದ. "ಈಗ ನೋಡ್ರಿ ಸರ, ಹೊಸಾದಾಂಗ ಆತು."

ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು. ನಾನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. "ಪೆಟ್ಟಿಗೆ ಒಡೆಯದ್ದು ಇದ್ದರೆ ಕೊಡಿ," ಎಂದೆ.

ಹನ್ನೆರಡು ಬಟನ್‌ನದು ಒಂದು ಸೀಲು ಒಡೆಯದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಬಿಚ್ಚಲು ನಾನು ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆದೆ. ಅವನ ಕಣ್ಣು ಅಲ್ಲೇ ನಿಂತಿತು. ನನ್ನತ್ತ ಚಾಚಿದ್ದ ಕತ್ತರಿಯನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟು ಬೆರಳಿನಿಂದ ನನ್ನತ್ತ ದೂಡಿದ. ಆ ಕೈ ಮುಟ್ಟಿದರೆ ಅವನ ಬೆರಳೂ ಉದುರುತ್ತವೆಯೇನೋ ಎಂಬಂತೆ. ಇದು ನನಗೆ ಹೊಸದಲ್ಲ. ಆದರೆ ಈಗಷ್ಟೇ ಎಂಜಲು ಹಚ್ಚಿದ ಮೌಸನ್ನು ನನಗೆ ಕೊಡಲು ಬಂದವನು ನನ್ನ ಕೈಗೆ ಹೇಸುತ್ತಿದ್ದ.

ಆಮೇಲೆ ಏನು ಹೊಳೆಯಿತೋ, ಅವನ ಮುಖ ಬದಲಾಯಿತು. "ಅಯ್ಯೋ ಪಾಪ. ಯಾವಾಗ ಆತ್ರಿ ಸರ ಇದು?"

ಚುಟುಕಾಗಿ ಹೇಳಿದೆ.

"ಅಂದ್ರೂ ಗೇಮ್ ಬಿಟ್ಟಿಲ್ಲ ನೀವು! ಭಾರೀ ಆತು ಬಿಡ್ರಿ. ಕಂಪ್ಯೂಟರಿಗೆ ಹಚ್ಚಿ ಕೊಡ್ತೀನಿ, ಇಲ್ಲೇ ಆಡಿ ನೋಡ್ರಿ. ಈ ಕಡೆ ಬೆಳಕಿಗೆ ಬರ್ರಿ."

ಕೂತೆ. ಮೌಸ್ ಅಂಗೈಯೊಳಗೆ ಹದವಾಗಿ ಕೂತಿತು. ಹೆಬ್ಬೆರಳಿನ ಕೆಳಗೆ ನಾಲ್ಕು ಸಾಲು, ಸಾಲಿಗೆ ಮೂರು ಬಟನ್. ಸಾಲುಗಳು ಒಂದೊಂದು ಬೇರೆ ಓರೆಯಲ್ಲಿದ್ದವು, ಕಣ್ಣು ಮುಚ್ಚಿದರೂ ಯಾವ ಸಾಲೆಂದು ತಿಳಿಯುತ್ತಿತ್ತು. ಅಭ್ಯಾಸದ ಆಟವೊಂದನ್ನು ಹಾಕಿ ಆಡಿದೆ. ಎಷ್ಟೋ ತಿಂಗಳ ನಂತರ, ಯೋಚಿಸಿದ ಕೆಲಸ ಯೋಚಿಸಿದ ಗಳಿಗೆಯಲ್ಲೇ ಪರದೆಯ ಮೇಲೆ ಆಯಿತು. ನಾನು ನಕ್ಕಿರಬೇಕು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣಂಚು ಒದ್ದೆಯಾಗಿತ್ತು. ಮೌಸಿಗೆ ಅವನು ಕೇಳಿದಷ್ಟು ಕೊಟ್ಟು, ಬಿಲ್ ಬರೆಸಿಕೊಂಡು ಸೊರಬದ ಬಸ್ಸು ಹತ್ತಿದೆ.

ಮೊದಲ ಮೂರು ದಿನ ಆಟ ಚೆನ್ನಾಗಿ ನಡೆಯಿತು. ತಪ್ಪು ಬಟನ್ ಒತ್ತಿ ನಗೆಪಾಟಲಾದದ್ದೂ ಇತ್ತು, ಆದರೆ ನಮ್ಮವರು ಸಾಯುವುದು ಕಡಿಮೆಯಾಯಿತು. "ನೆಟ್ವರ್ಕ್ ಬದಲಾಯಿಸಿದ್ಯಾ ಗುರು?" ಎಂದು ತಂಡದ ಹಿರಿಯ ಕೇಳಿದ. ಹೌದೆಂದೆ.

ನಾಲ್ಕನೆಯ ದಿನ ಜಡೆ ಊರಿನ ಕಡೆಯಿಂದ ಒಬ್ಬರು ಮಗಳ ಮದುವೆ ಕಾರ್ಡಿನ ಅಚ್ಚು ನೋಡಲು ಬಂದರು. ಅಚ್ಚು ನೋಡುವ ಬದಲು ನನ್ನ ಕೈಯನ್ನೇ ನೋಡುತ್ತ, "ಇದು ನೀವೇ ಅಲ್ದನ್ರೀ?" ಎಂದು ಫೋನು ತಿರುಗಿಸಿದರು.

ಪರದೆಯ ಮೇಲೆ ನನ್ನ ಎಡಗೈ. ಬರೀ ಕೈ, ಎರಡು ಮೊಂಡು ಬೆರಳುಗಳು, ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ. ಹಿಂದೆ ಕೊಳಲಿನ ಗೋಳು, ಅದರ ನಡುವೆ ಬೆರಳು ಹೋದದ್ದನ್ನು ಹೇಳುವ ನನ್ನ ದನಿ. ಆಮೇಲೆ ನಾನು ಆಡುತ್ತಿರುವುದು, ನಗುತ್ತಿರುವುದು. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿರುವುದು. ಕೊನೆಗೆ ಮಾಲೀಕ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡುತ್ತಿರುವುದು. ಅದರ ಮೇಲೆ ದಪ್ಪ ಅಕ್ಷರದಲ್ಲಿ: 'ಬೆರಳು ಕಳೆದುಕೊಂಡ ಬಡ ಸಹೋದರನಿಗೆ ನಮ್ಮ ಅಂಗಡಿಯಿಂದ ಪುಟ್ಟ ಉಡುಗೊರೆ.' ಕೆಳಗೆ ಕೈಮುಗಿದ ಚಿತ್ರಗಳ ಸಾಲು, ದೇವರಂಥ ಮನುಷ್ಯ ಎಂದು ಅವನಿಗೆ ಹೊಗಳಿಕೆ.

"ಒಳ್ಳೇ ಮನುಷ್ಯ ಅಲ್ದಾ," ಎಂದರು ಜಡೆಯವರು. ಪಾಪ, ಅವರ ದನಿಯಲ್ಲಿ ಕುಹಕವಿರಲಿಲ್ಲ.

ನಾನು ಹಿತ್ತಲ ನಲ್ಲಿಗೆ ಹೋಗಿ ಕೈ ತೊಳೆದೆ. ಯಾಕೆ ತೊಳೆದೆನೋ. ಎಷ್ಟು ತೊಳೆದರೂ ಆ ಸೆಂಟಿನ ವಾಸನೆ ಮೂಗಿನಿಂದ ಹೋಗಲಿಲ್ಲ. ಕದ್ದು ತೆಗೆದ ಚಿತ್ರಕ್ಕಿಂತ, ಸುಳ್ಳಿಗಿಂತ, ನನ್ನ ಆ ನಗುವನ್ನು ಅವನು ಬಳಸಿಕೊಂಡದ್ದು ನನಗೆ ಹೇಸಿಗೆ ತಂದಿತು. ಅದು ನನ್ನ ಮತ್ತು ಆ ಆಟದ ನಡುವಿನದಾಗಿತ್ತು.

ಮಧ್ಯಾಹ್ನ ಆಟಕ್ಕೆ ಕೂತರೆ ಅಲ್ಲೂ ಅದು ತಲುಪಿತ್ತು. ದನಿಯಿಂದ ಗುರುತು ಹಿಡಿದಿದ್ದರು. ತಂಡದ ಹಿರಿಯ ಮೆಲ್ಲಗೆ, "ಅಣ್ಣಾ, ನೀವು ಮೊದಲೇ ಹೇಳಬಾರದಿತ್ತಾ?" ಎಂದ. ಗುರು ಹೋಗಿ ಅಣ್ಣ ಆಗಿದ್ದೆ, ನೀನು ಹೋಗಿ ನೀವು. ಮೊದಲಿನಂತೆ ಬೈಯುತ್ತಾರೋ ನೋಡೋಣವೆಂದು ಆ ದಿನ ನಾನು ಬೇಕೆಂದೇ ಒಂದು ತಪ್ಪು ಮಾಡಿದೆ. ಅವರ ಪೈಕಿ ಇಬ್ಬರು ಸತ್ತರು. "ಪರವಾಗಿಲ್ಲ ಅಣ್ಣಾ, ಚೆನ್ನಾಗಿ ಆಡ್ತಿದ್ದೀರಿ," ಎಂದರು ಎಲ್ಲರೂ, ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತವರ ದನಿಯಲ್ಲಿ. ಹೆಡ್‌ಫೋನ್ ಕಿತ್ತಿಟ್ಟೆ.

ಮರುದಿನ ಮತ್ತೆ ಶಿಕಾರಿಪುರಕ್ಕೆ ಹೋದೆ. ಅಕ್ಕ ನನಗಿಂತ ಮೊದಲೇ ಅಂಗಡಿಯ ಮುಂದೆ ನಿಂತಿದ್ದಳು. ಮಾಲೀಕ ನಗುತ್ತ ಎದ್ದ. "ಬರ್ರಿ ಸರ! ನೋಡಿದ್ರೇನು? ಎಷ್ಟ್ ಮಂದಿ ನೋಡ್ಯಾರ ಗೊತ್ತೇನ್ರಿ?"

"ಅದನ್ನ ತೆಗಿ," ಎಂದೆ.

"ಯಾಕ್ರಿ ಸರ? ನಿಮಗೂ ಹೆಸರು ಬಂತಲ್ಲ. ಮಂದಿಗೆ ಸ್ಫೂರ್ತಿ ಆಗ್ತೈತ್ರಿ."

ಅಕ್ಕ ನನ್ನ ಕೈಯಿಂದ ಬಿಲ್ಲು ಇಸಿದುಕೊಂಡು ಗಾಜಿನ ಮೇಲಿಟ್ಟಳು. "ನನ್ನ ತಮ್ಮ ಎಂತ ಬಿಟ್ಟಿ ತಗಂಡು ಹೋಗಿದಾನೆ ಹೇಳಿ ನೋಡೋಣ. ಅವ ಪ್ರೆಸ್ ಇಟ್ಕಂಡು ದುಡೀತಾನೆ. ಬಡ ಸಹೋದರ ಅಂತೆ! ನನ್ನ ಮುಖಾನೂ ಹಾಕಿದೀರಿ. ನನ್ನನ್ನ ಕೇಳಿದ್ರಾ?"

ಅವನು ದನಿ ಇಳಿಸಿದ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಒಂದ್ ಕೆಲಸ ಮಾಡೋಣ. ಒಂದು ಹೆಡ್‌ಫೋನ್ ಹಾಂಗೇ ಕೊಡ್ತೀನಿ. ಖರೇನ ಕೊಟ್ಟಂಗ ಆತಲ್ರಿ, ಸುಳ್ಳು ಎಲ್ಲಿ ಉಳೀತು?" ಎಂದು ಕಪಾಟಿನಿಂದ ಪೆಟ್ಟಿಗೆಯೊಂದನ್ನು ತೆಗೆದೇಬಿಟ್ಟ. ಅವನ ಇನ್ನೊಂದು ಕೈ ಸ್ಟ್ಯಾಂಡಿನ ಫೋನಿನ ಕಡೆ ಹೋಗುತ್ತಿತ್ತು. ಅದನ್ನು ಕಂಡಾಗ ನನಗೆ ಸಿಟ್ಟೂ ಬರಲಿಲ್ಲ. ಅನ್ನದ ಪಾತ್ರೆಯಲ್ಲಿ ಹಲ್ಲಿ ಕಂಡಾಗ ಆಗುವಂಥದ್ದೇ ಏನೋ ಆಯಿತು.

ನಾನು ಎಡಗೈಯಿಂದ ಅವನ ಮಣಿಕಟ್ಟು ಹಿಡಿದೆ. ಆ ಎರಡು ಮೊಂಡು ಬೆರಳು ಅವನ ಚರ್ಮಕ್ಕೆ ಒತ್ತುವಂತೆಯೇ ಹಿಡಿದೆ. ಅವನು ಮುಖ ಸಿಂಡರಿಸಿ ಕೈ ಎಳೆದುಕೊಳ್ಳಲು ನೋಡಿದ. "ಈಗ ತೆಗಿ. ನನ್ನೆದುರಿಗೇ ತೆಗಿ," ಎಂದೆ. ಅವನು ಇನ್ನೊಂದು ಕೈಯಲ್ಲಿ ಫೋನು ತೆಗೆದುಕೊಂಡು ಅಳಿಸಿದ. ಅಳಿಸಿದ್ದನ್ನು ಅಕ್ಕ ಇಣುಕಿ ಖಾತ್ರಿ ಮಾಡಿಕೊಂಡಳು. ಆಗ ಬಿಟ್ಟೆ. ಅವನು ಮಣಿಕಟ್ಟನ್ನು ಅಂಗಿಗೆ ತಿಕ್ಕಿಕೊಂಡ.

ಹೊರಗೆ ಬಂದ ಮೇಲೆ ಅಕ್ಕ, "ಮೌಸೂ ಅವನ ಮುಖದ ಮೇಲೆ ಒಗೀಬೇಕಿತ್ತು," ಎಂದಳು.

"ಅದು ನಂದು. ಚೆನ್ನಾಗೂ ಇದೆ," ಎಂದೆ. ಎಂದೆನಾದರೂ ಮನೆಗೆ ಬಂದು ಒಂದು ವಾರ ಅದನ್ನು ಮುಟ್ಟಲಾಗಲಿಲ್ಲ.

ಆ ವಾರ ಕೈಯಲ್ಲಿದ್ದ ಕೆಲಸ ಒಂದು ಫ್ಲೆಕ್ಸು. ಉಳವಿ ಕಡೆಯ ಮುಖಂಡರೊಬ್ಬರು ಐದು ಜನಕ್ಕೆ ಗಾಲಿಕುರ್ಚಿ ಹಂಚಿದ್ದರು. ಅವರ ಫೋಟೊ ಆಳೆತ್ತರ, ತೆಗೆದುಕೊಂಡವರು ಕೆಳಗೆ ಹೆಬ್ಬೆಟ್ಟಿನಷ್ಟು. ಒಬ್ಬ ಹೆಂಗಸಿನ ಬತ್ತಿದ ಕಾಲು ಚೌಕಟ್ಟಿನಿಂದ ಹೊರಗೆ ಹೋಗಿತ್ತು. "ಕಾಲು ಕಾಣಬೇಕು," ಎಂದು ಅವರ ಕಡೆಯವನೊಬ್ಬ ಫೋನಿನಲ್ಲಿ ಹೇಳಿದ್ದ. ನಾನು ಹೂಂ ಅಂದಿದ್ದೆ.

ಅಂಥವು ಎಷ್ಟು ಮಾಡಿದ್ದೇನೆ! ಹೊಲಿಗೆ ಯಂತ್ರ, ಕನ್ನಡಕ, ಕಂಬಳಿ, ಶಾಲೆಯ ಚೀಲ. ಕಾಣದ ಊನವನ್ನು ಎಳೆದು ದೊಡ್ಡದು ಮಾಡಿದ್ದೇನೆ, ಮುಖ ಬಾಡಿದಂತೆ ಕಾಣಲಿ ಎಂದು ಬಣ್ಣ ತಗ್ಗಿಸಿದ್ದೇನೆ. ಬೆರಳು ಹೋದ ಮೇಲೂ ಮಾಡಿದ್ದೇನೆ. ಯಾರೊಬ್ಬರೂ ಆ ಹೆಂಗಸನ್ನು ಕೇಳಿರಲಿಲ್ಲ. ನಾನಂತೂ ಕೇಳುವ ಯೋಚನೆಯನ್ನೂ ಮಾಡಿರಲಿಲ್ಲ. ಶಿಕಾರಿಪುರದವನ ಮೇಲೆ ಬಂದಿದ್ದ ಅಸಹ್ಯ ಸುತ್ತು ಹಾಕಿ ನನ್ನ ಕುರ್ಚಿಗೇ ಬಂದು ಕೂತಿತು. ಅದು ಈಗಲೂ ಪೂರ್ತಿ ಎದ್ದು ಹೋಗಿಲ್ಲ.

ಮುಖಂಡರು ತಾವೇ ಅಚ್ಚು ನೋಡಲು ಬಂದರು. ನಾನು ಕೇಳಿದೆ, "ಸ್ವಾಮಿ, ಈ ಫೋಟೊ ಹಾಕಕ್ಕೆ ಆ ಅಮ್ಮನ್ನ ಕೇಳಿದೀರಾ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಂತ ಕೇಳದು? ಕುರ್ಚಿ ತಗಂಡಿದಾಳಲ್ಲ."

"ಅವರ ಮುಖ, ಕಾಲು ಬಿಟ್ಟು ಮಾಡಿಕೊಡ್ತೀನಿ. ಕುರ್ಚಿ ಮಾತ್ರ ಕಾಣೋ ಹಾಗೆ."

"ಕುರ್ಚಿ ಅಂಗಡೀಲೂ ಕಾಣತ್ತೆ ಮಾರಾಯ," ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗು ನಿಂತಿತು. ಫೋಟೊಗಳಿದ್ದ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಅವರ ಹಿಂದೆಯೇ ಅವರ ಕಡೆಯ ಇನ್ನೂ ಮೂರು ಗಿರಾಕಿಗಳು ಹೋದರು.

ಆಟದ ಆ ಹಳೆಯ ತಂಡವನ್ನು ನಾನು ಬಿಟ್ಟೆ. ಈಗ ಬೇರೆಯವರ ಜೊತೆ ಆಡುತ್ತೇನೆ, ಮೈಕ್ ಹಾಕದೆ, ಬೇಕಾದ್ದನ್ನು ಬರೆದು ತಿಳಿಸುತ್ತ. ಹನ್ನೆರಡರಲ್ಲಿ ಎಂಟು ಬಟನ್ ಸಾಕಾಗುತ್ತವೆ. ಆ ಫ್ಲೆಕ್ಸನ್ನು ಮುಖಂಡರು ಬೇರೆ ಕಡೆ ಮಾಡಿಸಿ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದರು. ಕಾಲು ಚೆನ್ನಾಗಿಯೇ ಕಾಣುತ್ತಿತ್ತು. ಅದು ಹರಿದು ಬೀಳುವವರೆಗೆ ನಾನು ಪ್ರೆಸ್ಸಿಗೆ ಹಿಂದಿನ ರಸ್ತೆಯಿಂದಲೇ ಹೋದೆ.